‘ಬ್ಯಾಡ’ ಎಂದು ಬರೆದ ಗಂಟು

ಎರಡು ಸಾವಿರದ ಐದರ ಸುಮಾರಿಗೆ, ನಾನು ಸಸ್ಯಶಾಸ್ತ್ರ ಕಲಿಸುತ್ತಿದ್ದ ರಾಣೆಬೆನ್ನೂರಿನ ಕಾಲೇಜಿಗೆ ಒಂದು ಡಿಜಿಟಲ್ ಕ್ಯಾಮೆರಾ ಬಂತು. ಒಣಗಿಸಿಟ್ಟ ಗಿಡಗಳ ಫೋಟೊ ತೆಗೆದು, ಹೆಸರು, ಸಿಕ್ಕ ಊರು ಸೇರಿಸಿ ಕಂಪ್ಯೂಟರಿಗೆ ಏರಿಸುವ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ಗಿಡಗಳನ್ನು ಕೂಡಿಸಿದವರು ನನ್ನ ಗುರುಗಳು. ನಿವೃತ್ತರಾಗಿ ಹಾವೇರಿಯಲ್ಲಿದ್ದರು. ಗಿಡಗಳನ್ನು ಹಳೆಯ ಪೇಪರುಗಳ ನಡುವೆ ಒತ್ತಿ, ಗಂಟು ಕಟ್ಟಿ, ಮೇಲೆ ಊರಿನ ಹೆಸರಿನ ಮೊದಲ ಎರಡೇ ಅಕ್ಷರ ಬರೆಯುವುದು ಅವರ ರೂಢಿ: ಹಾವೇ, ರಾಣೆ, ಬ್ಯಾಡ.

ಮುಂದಿನ ಅನಾಹುತ ನಮ್ಮ ಸೀಮೆಯಲ್ಲಲ್ಲದೆ ಬೇರೆಲ್ಲೂ ಆಗುತ್ತಿರಲಿಲ್ಲ. ಗೋಡೆಗೆ ಸುಣ್ಣ ಬಳಿಯುವ ಮೊದಲು ಗಂಟುಗಳಿದ್ದ ಕೋಣೆ ಖಾಲಿ ಮಾಡಿಸುತ್ತಿದ್ದ ನನ್ನ ಸಹೋದ್ಯೋಗಿ, ಸ್ವಚ್ಛತೆಯ ಹುಚ್ಚಿನ ಮನುಷ್ಯ, ಎರಡು ಗಂಟುಗಳನ್ನು ರದ್ದಿಗೆ ಕಳಿಸಿಬಿಟ್ಟರು.

“ಸರ್ ಅವರೇ ಬ್ಯಾಡ ಅಂತ ಬರದಾರಲ್ರಿ ಮೇಡಂ!”

“ಅದು ಬ್ಯಾಡಗಿ ಊರ್ರೀ!” ಎಂದು ಕಾರಿಡಾರಿಗೆಲ್ಲ ಕೇಳುವಂತೆ ಕಿರುಚಿದೆ.

ರದ್ದಿ ಅಂಗಡಿಗೆ ಓಡಿದೆ. ಒಂದು ಗಂಟು ಬಿಚ್ಚಿರಲಿಲ್ಲ. ಇನ್ನೊಂದರ ಪೇಪರುಗಳನ್ನು ಝಾಡಿಸಿ ಒಟ್ಟಿದ್ದರು. ಉದುರಿದ್ದೆಲ್ಲ ಚರಂಡಿ ಸೇರಿತ್ತು. ಅವು ಬ್ಯಾಡಗಿ ಬಳಿಯ ಕದರಮಂಡಲಗಿ ಹಾದಿಯ ಹುಲ್ಲುಗಾವಲಿನ ಗಿಡಗಳು. ಆ ಬಯಲನ್ನು ಉತ್ತು ಮೆಣಸಿನಕಾಯಿ ಹಾಕಿ ಎಷ್ಟೋ ವರ್ಷವಾಗಿತ್ತು. ಮತ್ತೆ ಹೋಗಿ ತರುವ ಮಾತೇ ಇಲ್ಲ. ಅಂಗಡಿಯ ಮುಂದೆಯೇ ಅತ್ತುಬಿಟ್ಟೆ. ನೋಡುವವರು ನೋಡಲಿ ಎನ್ನಿಸಿತು. ಬಿಚ್ಚದ ಗಂಟನ್ನೂ ಬರೀ ಪೇಪರುಗಳನ್ನೂ ಎದೆಗವಚಿಕೊಂಡು ತಂದೆ.

ನಾನು ಫೋನ್ ಮಾಡಿ ಕರೆದಿದ್ದಕ್ಕೆ ಮರುದಿನ ಗುರುಗಳು ಹಾವೇರಿಯಿಂದ ಬಸ್ಸಿನಲ್ಲಿ ಬಂದರು. ಸಹೋದ್ಯೋಗಿ ಲ್ಯಾಬಿನಿಂದ ಹೊರಗೆ ಬರಲೇ ಇಲ್ಲ. ನಡೆದದ್ದನ್ನು ಕೇಳಿ ಗುರುಗಳು ಮೊದಲು ಜೋರಾಗಿ ನಕ್ಕರು. “ಖರೇ ಐತಿ, ನಾನ ಬರದೇನಿ” ಎಂದರು. ಆಮೇಲೆ ನಗು ನಿಂತಿತು. ಒಂದು ಪೇಪರು ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದರು. ಸುದ್ದಿಯ ಸಾಲುಗಳ ಮೇಲೆ ಕಂದು ಕಲೆಯೊಂದು ಮೂಡಿತ್ತು: ಒಂದು ಕಾಂಡ, ಕೆಲವು ಎಲೆ, ಬೇರಿನ ಎಳೆ. ಗಿಡ ಅಷ್ಟು ವರ್ಷ ಮಲಗಿದ್ದ ಗುರುತು.

“ಇದರದೂ ಫೋಟೊ ತಗಿ, ತಂಗಿ.”

“ಗಿಡಾನ ಇಲ್ಲಲ್ರಿ ಸರ್. ಹೆಸರು ಏನಂತ ಹಾಕ್ಲಿ?”

ಅವರು ಕಲೆಯೊಳಗಿನ ಎಲೆಗಳನ್ನು ಬೆರಳಿಟ್ಟು ಒಂದೊಂದಾಗಿ ಎಣಿಸಿದರು.

“ನನಗೂ ಗುರ್ತು ಹತ್ತವಲ್ದು. ಹೆಸರು ಖಾಲಿ ಬಿಡು. ಊರು ಮಾತ್ರ ಪೂರಾ ಬರಿ.”

ಬರೆದೆ. ‘ಬ್ಯಾಡ’ದ ಮುಂದೆ ‘ಗಿ’ ಒತ್ತಿದೆ.