ಡಾಬಕಾದಿಂದ ಬಂದ ಪಾಲು

ನನ್ನ ಹೆಂಡತಿ ಹನ್ನಾಗೆ ಒಂದು ಕಡೆ ಕೂರುವುದು ಗೊತ್ತಿಲ್ಲ. ಊಟಕ್ಕೆ ಕೂತರೂ ಮುಖ ಬಾಗಿಲ ಕಡೆಗೇ ಇರುತ್ತದೆ. ಔರಾದ ತಾಲ್ಲೂಕಿನಲ್ಲಿ ಪಶು ಪರೀಕ್ಷಕಿಯಾಗಿದ್ದಾಳೆ. ಬೀದರಿನ ಚಿದ್ರಿಯಲ್ಲಿರುವ ನಮ್ಮ ಮನೆ ಅವಳ ಪಾಲಿಗೆ ಬಸ್‌ ನಿಲ್ದಾಣ. ಹೀಗೆ ಅಂದರೆ ಸಿಟ್ಟಾಗುತ್ತಾಳೆ. ಆಗಲಿ, ನಿಜವನ್ನೇ ಹೇಳುತ್ತಿದ್ದೇನೆ.

ಅವಳ ತಲೆ ತಿನ್ನುವುದು ನೆರಡಿ ರೋಗ, ಇಂಗ್ಲಿಷಿನಲ್ಲಿ ಆಂಥ್ರಾಕ್ಸ್. ಸಂಜೆ ಚೆನ್ನಾಗಿ ಮೇಯ್ದ ಕುರಿ ಬೆಳಗಾಗುವುದರೊಳಗೆ ಸತ್ತು ಬಿದ್ದಿರುತ್ತದೆ, ಮೂಗಿನಿಂದ ಕಪ್ಪು ರಕ್ತ. ಅದನ್ನು ಕೊಯ್ದರೆ ರೋಗಾಣು ಮಣ್ಣಿಗಿಳಿದು ವರ್ಷಾನುಗಟ್ಟಲೆ ಜೀವ ಹಿಡಿದು ಕೂರುತ್ತದೆ. ಕೊಯ್ದವರ ಕೈಗಾಯದೊಳಗೂ ಇಳಿಯುತ್ತದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ನೂರನಲವತ್ತು ವರ್ಷಗಳ ಹಿಂದೆ ಪಾಶ್ಚರ್ ಎಂಬಾತ ಫ್ರಾನ್ಸಿನ ಒಂದು ಹಳ್ಳಿಯಲ್ಲಿ ಅರ್ಧ ಕುರಿಗಳಿಗೆ ಲಸಿಕೆ ಹಾಕಿ, ಆಮೇಲೆ ಎಲ್ಲಕ್ಕೂ ಈ ರೋಗಾಣು ಚುಚ್ಚಿದ್ದು, ಲಸಿಕೆಯಿಲ್ಲದವು ಜನರ ಕಣ್ಣೆದುರೇ ಉರುಳಿದ್ದು, ಎಲ್ಲವನ್ನೂ ಪ್ರತಿ ವರ್ಷ ಪಾಠ ಮಾಡುತ್ತೇನೆ. ಗಂಟೆ ಹೊಡೆದ ಮೇಲೆ ಮರೆಯುತ್ತೇನೆ. ಹನ್ನಾಗೆ ಆ ಗಂಟೆ ಹೊಡೆಯುವುದೇ ಇಲ್ಲ.

ಅವಳ ತಾಲ್ಲೂಕಿನ ಗಡಿಯ ಹಳ್ಳಿ ಡಾಬಕಾದ ಕುರಿಗಾರ ದತ್ತಾತ್ರಿ ಅವಳ ನಿದ್ದೆ ಕೆಡಿಸಿದ್ದ. ಊರಿನಲ್ಲಿ ಲಸಿಕೆ ಹಾಕುವಾಗ ಅವನ ಹಿಂಡು ಗಡಿಯಾಚೆ, ಮಹಾರಾಷ್ಟ್ರದವರ ಹೊಲಗಳಲ್ಲಿ ಗೊಬ್ಬರಕ್ಕೆಂದು ತಂಗಿತ್ತು. ಮೊನ್ನೆಯಷ್ಟೇ ಮರಳಿತ್ತು. ದಸರಾ ರಜೆಯ ಒಂದು ಬೆಳಿಗ್ಗೆ ಅವನ ಫೋನು ಬಂತು.

"ಅಕ್ಕಾ, ಒಂದು ಕುರಿ ಸತ್ತದರಿ. ಮತ್ತೊಂದು ನಡಗ್ಲಿಕತ್ತದ. ಜಲ್ದಿ ಬರ್ರಿ."

"ಸತ್ತಿದ್ದಕ್ಕ ಚಾಕು ಹಚ್ಚಬ್ಯಾಡ್ರಿ!"

"ಹೂಂ ರಿ" ಅಂದನಂತೆ. ಅಷ್ಟರಲ್ಲಿ ಚರ್ಮ ಸುಲಿದಾಗಿತ್ತು. ಬೈಗುಳಕ್ಕೆ ಹೆದರಿ ಬಾಯಿ ಬಿಡಲಿಲ್ಲ. ಅವರ ಕೇರಿಯಲ್ಲಿ ಸತ್ತ ಕುರಿಯನ್ನು ಎಸೆಯುವುದಿಲ್ಲ, ಮನೆಮನೆಗೆ ಪಾಲು ಹೋಗುತ್ತದೆ. ಪಾಲು ಹೋಗದ ಮನೆ ಅಂದರೆ ಮಾತು ಬಿಟ್ಟ ಮನೆ ಎಂದೇ ಲೆಕ್ಕ.

ನಾನು ಸ್ನಾನದ ಮನೆಯಲ್ಲಿದ್ದೆ, ಫೋನಿನ ಮಾತು ಕೇಳಿಸಿರಲಿಲ್ಲ. "ಡಾಬಕಾ" ಎಂದು ಹೊರಗಿನಿಂದ ಕೂಗಿ, ಉಪ್ಪಿಟ್ಟಿನ ತಟ್ಟೆ ಹಾಗೇ ಬಿಟ್ಟು ಹೋಗಿದ್ದಳು. ಸ್ವಲ್ಪ ಹೊತ್ತಿಗೆ ದತ್ತಾತ್ರಿಯ ಅಳಿಯ ಸಂಜುಕುಮಾರ ಬಂದ. ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಗೆ ಸೋಯಾ ತರುವ ಟೆಂಪೊ ಅವನದು. ಕೈಗೊಂದು ಚೀಲ ಕೊಟ್ಟು, "ಮಾವ ಕಳ್ಸ್ಯಾರ್ರಿ" ಎಂದು ಹೊರಟೇಹೋದ. ಮಾಂಸ! ರಜೆಯ ದಿನ, ಹೆಂಡತಿ ಮನೆಯಲ್ಲಿಲ್ಲ, ಕೇಳಬೇಕೆ? ಮಸಾಲೆ ರುಬ್ಬಲು ಕೂತೆ.

ಅತ್ತ ಹನ್ನಾ ಡಾಬಕಾ ತಲುಪಿ ನೋಡಿದರೆ ಮನೆಮನೆಯ ಒಲೆಯ ಮೇಲೆ ಅದೇ ಕುರಿ. ಯಾರಾದರೂ ತಿನ್ನುವ ಮೊದಲು ಎಲ್ಲವನ್ನೂ ಹೊರಗೆ ಹಾಕಿಸಬೇಕು, ಕೊಯ್ದವರ ಕೈ ನೋಡಬೇಕು. ಬಾಗಿಲಿಂದ ಬಾಗಿಲಿಗೆ ಅಲೆದು ಕೈಮುಗಿದಳು. ನನ್ನ ಪಾಶ್ಚರನನ್ನೂ ಎಳೆತಂದಳು.

"ಆ ಸಾಹೇಬರ ಊರಾಗ ಪಾಲು ಹಂಚ್ತಿದ್ದಿಲ್ಲೇನ್ರಿ?" ಎಂದ ಒಬ್ಬ. ಎಲ್ಲರೂ ನಕ್ಕರು. ಚೆನ್ನಾಗಿ ಬೇಯಿಸಿದರೆ ಏನೂ ಆಗುವುದಿಲ್ಲ ಎಂದರು. ಕುರಿ ಸುಲಿದವಳು ದತ್ತಾತ್ರಿಯ ಹೆಂಡತಿ ಜನಾಬಾಯಿ; ಅವಳು ಸೆರಗಿನೊಳಗೆ ಕೈ ಮುಚ್ಚಿಕೊಂಡು ನಿಂತಿದ್ದಳು, ತೋರಿಸಲಿಲ್ಲ.

ಹನ್ನಾಳ ಮುಖ ನೋಡಲಾರದೆ ದತ್ತಾತ್ರಿ ಸಮಾಧಾನ ಮಾಡಲು ಹೋದ: "ನಿಮ್ಮ ಪಾಲು ಮರ್ತಿಲ್ರಿ ಅಕ್ಕಾ. ನಸಕಿನ್ಯಾಗೇ ಚಿದ್ರಿಗಿ ಕಳ್ಸೀನಿ."

ಆಗಲೇ ನನ್ನ ಫೋನು ಬಡಿದುಕೊಂಡಿದ್ದು.

"ಚೀಲ ಬಂತೇನು?"

"ಬಂದದ. ಕೊಯ್ದು ಕುಕ್ಕರಿಗಿ ಹಾಕೀನಿ. ನಿನಗೂ ಇಡ್ತೇನಿ."

"ಪ್ರಕಾಶ, ಕೈಗಿ ಚಾಕು ತಾಗಿಲ್ಲ ಹೌದಿಲ್ಲೋ?"

ಎಲುಬು ಜಾರಿ ಬೆರಳು ಕೊಯ್ದಿತ್ತು. "ಸ್ವಲ್ಪ" ಅಂದೆ.

ಹದಿನೇಳು ವರ್ಷದ ಸಂಸಾರದಲ್ಲಿ ಅವಳು ಹಾಗೆ ಚೀರಿದ್ದನ್ನು ನಾನು ಕೇಳಿರಲಿಲ್ಲ. ಸಾಬೂನು ಹಚ್ಚಿ ತೊಳಿ, ಅದನ್ನ ಮುಟ್ಟಬ್ಯಾಡ, ದವಾಖಾನಿಗಿ ಓಡು, ನೆರಡಿ ಅಂತ ಹೇಳು ಎನ್ನುತ್ತ ಅಳುತ್ತಿದ್ದಳು. ಪಾಠದ ಪುಸ್ತಕದಲ್ಲಿದ್ದ ಕುರಿ ನನ್ನ ಅಡುಗೆಮನೆಯಲ್ಲೇ ಇತ್ತು.

ಕರೆ ಕಡಿಯಲು ಅವಳಿಗೆ ನೆನಪಾಗಲಿಲ್ಲ. ನಲ್ಲಿಯ ಕೆಳಗೆ ಬೆರಳು ಹಿಡಿದು ಕೇಳುತ್ತ ನಿಂತೆ. ಡಾಬಕಾದಲ್ಲಿ ನಗು ಅಡಗಿತ್ತು. ಪಾತ್ರೆಯೊಂದು ನೆಲಕ್ಕೆ ಕುಕ್ಕಿದ ಸದ್ದಾಯಿತು. ಜನಾಬಾಯಿಯ ದನಿ: "ತಗೋರಿ ಅಕ್ಕಾ, ನಮ್ಮ ಗಡಗಿ. ಎಲ್ಲಾರೂ ತರ್ರಿ ಹೊರಗ! ಅಕ್ಕನ ಗಂಡಗೇ ಹಿಂಗಾಗ್ಯಾದಂದ್ರ ಸುಳ್ಳಲ್ಲ ಇದು." ಆಮೇಲೆ ದನಿ ಸಣ್ಣದಾಯಿತು. "ನಂದೂ ಬಟ್ಟು ಕೊಯ್ದದರಿ."

ಒಂದರ ಹಿಂದೊಂದು ಪಾತ್ರೆಗಳು ಬಂದವು. ಗುಂಡಿ ತೋಡಲು ಯಾರೋ ಸಲಿಕೆ ಕೇಳಿದರು.

"ಅಕ್ಕಾ, ನೀವು ನಿಮ್ಮ ಸಾಹೇಬ್ರ ಕಡಿಗಿ ಹೋಗ್ರಿ" ಎಂದಳು ಜನಾಬಾಯಿ. "ಟೆಂಪೊ ಕರಸ್ತೇವಿ."

ಹನ್ನಾ ಅಳು ತಡೆದು ಮೂಗು ಎಳೆದುಕೊಂಡಿದ್ದು ಸ್ಪಷ್ಟವಾಗಿ ಕೇಳಿಸಿತು.

"ಅವರಿಗಿ ಮನಿ ಮಗ್ಗಲದಾಗೇ ದವಾಖಾನಿ ಅದ. ಟೆಂಪೊ ಬಂದ್ರ ನೀನು ಔರಾದ ದವಾಖಾನಿಗಿ ಹೋಗಿ ಬಟ್ಟು ತೋರ್ಸು. ನಾ ಇಲ್ಲೇ ಇದ್ದು ಉಳಿದ ಕುರಿಗೋಳಿಗಿ ಸೂಜಿ ಹಾಕಿ ಮುಗಿಸ್ತೇನಿ."

ನನಗೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಅವಳು ಓಡಿ ಬರಬೇಕಿತ್ತು ಅನ್ನಿಸಿತು. ಕುಕ್ಕರಿನ ಕೆಳಗಿನ ಒಲೆ ಆರಿಸಿ, ಬೆರಳಿಗೆ ಬಟ್ಟೆ ಸುತ್ತಿ, ಆಸ್ಪತ್ರೆಗೆ ಒಬ್ಬನೇ ಹೊರಟೆ.