ಬೀರುವಿನ ಹಿಂದಿನ ಬಿರುಕು

ಬೆಳಗಿನಿಂದ ಹೊಸ ಡಿಸ್ಟೆಂಪರ್ ವಾಸನೆ ಮೂಗಿಗೆ ಬಡಿಯುತ್ತಿದೆ. ಶಿವಮೊಗ್ಗದ ಹೊಸಮನೆ ಬಡಾವಣೆಯ ನಮ್ಮ ಬೀದಿಯಲ್ಲಿ ಎದುರು ಮನೆಯವರು ಮನೆ ಮಾರಲು ಹೊರಟಿದ್ದಾರೆ, ಗೋಡೆಗೆ ತಿಳಿಹಳದಿ ಹೊಡೆಸುತ್ತಿದ್ದಾರೆ. ಆ ಮನೆಯಾಕೆ ಗೇಟಿನ ಬಳಿ ನನ್ನನ್ನು ತಡೆದು, "ಟೀಚರ್, ನೀವು ಭದ್ರಾವತೀಲಿ ಮನೆ ಮಾರಿದ್ರಲ್ಲ, ಏನೇನು ನೋಡ್ಕೋಬೇಕು ಸ್ವಲ್ಪ ಹೇಳಿ" ಎಂದರು. ಮನೆ ಮಾರುವವರು ಮಾಡುವ ತಪ್ಪುಗಳ ವಿಷಯದಲ್ಲಿ ನನ್ನಷ್ಟು ತಿಳಿದವರು ಈ ಬೀದಿಯಲ್ಲಿ ಇನ್ನೊಬ್ಬರಿಲ್ಲ, ಏಕೆಂದರೆ ಅವನ್ನೆಲ್ಲ ಒಂದೂ ಬಿಡದೆ ಮಾಡಿದವಳು ನಾನು. ಆದರೆ ಅವರಿಗೆ ಹೇಳಿದ್ದು ಅರ್ಧ ಮಾತ್ರ. ಉಳಿದರ್ಧ ಗೇಟಿನ ಬಳಿ ನಿಂತು ಹೇಳುವಂಥದ್ದಲ್ಲ. ನೀವು ಹೇಗೂ ಓದಲು ಕುಳಿತಿದ್ದೀರಿ, ನಿಮಗೆ ಹೇಳುತ್ತೇನೆ.

ಮಾರಿದ್ದು ನನ್ನ ಮನೆಯಲ್ಲ, ಅಕ್ಕನದು. ಭದ್ರಾವತಿಯ ಜನ್ನಾಪುರದಲ್ಲಿ ಅಕ್ಕ, ಭಾವ ಇಬ್ಬರೇ ಇದ್ದ ಪುಟ್ಟ ತಾರಸಿ ಮನೆ. ಮಕ್ಕಳಿರಲಿಲ್ಲ. ಭಾವ ಕಾರ್ಖಾನೆಯಲ್ಲಿ ಎರಕ ಹೊಯ್ದ ತುಂಡುಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದವರು. ಸಣ್ಣ ಸುತ್ತಿಗೆಯಿಂದ ಟಣ್ ಎಂದು ಬಡಿದು, ತಲೆ ಓರೆ ಮಾಡಿ ಕೇಳಿ, ಒಳಗೆ ಬಿರುಕಿದೆಯೋ ಇಲ್ಲವೋ ಹೇಳಬೇಕು. ನಿವೃತ್ತರಾದ ಮೇಲೂ ಅವರ ಬೆರಳ ಗಂಟುಗಳು ಸುಮ್ಮನಿರಲಿಲ್ಲ. ತೆಂಗಿನಕಾಯಿ, ಬಾಗಿಲು, ಗೋಡೆ, ಏನು ಸಿಕ್ಕರೂ ಎರಡು ಸಲ ಬಡಿದು ಕಿವಿಗೊಡುತ್ತಿದ್ದರು. ಕಂಡ ದೋಷವನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಜನ್ಮವಲ್ಲ ಅದು. ತಮ್ಮ ಸ್ಕೂಟರ್ ಕೊಳ್ಳಲು ಬಂದವನಿಗೆ ಕಾಫಿ ಕೊಟ್ಟು, ಬ್ರೇಕಿನ ಕತೆಯನ್ನೆಲ್ಲ ಹೇಳಿ, ಬರಿಗೈಯಲ್ಲಿ ಕಳಿಸಿದ್ದರು. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗ, ಉಪ್ಪಿಟ್ಟು ತಿನ್ನುತ್ತಿದ್ದ ಹಿರಿಯರಿಗೆ, "ಹುಡುಗಿ ಅಪ್ಪಟ ಚಿನ್ನ. ಕೋಪ ಮಾತ್ರ ಸ್ವಲ್ಪ ಜಾಸ್ತಿ, ಈಗ್ಲೇ ಗೊತ್ತಿದ್ರೆ ಒಳ್ಳೇದು" ಎಂದುಬಿಟ್ಟರು. ಬಂದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಆಮೇಲೆ ನಾನು ತಿಂಗಳುಗಟ್ಟಲೆ ಭಾವನ ಹತ್ತಿರ ಮಾತು ಬಿಟ್ಟೆ. ಅವರು ಹೇಳಿದ್ದು ನಿಜವೆಂದು ಅದರಿಂದಲೇ ಎಲ್ಲರಿಗೂ ಖಾತ್ರಿಯಾಯಿತು.

ಆ ಭಾವ ಒಂದು ಮಧ್ಯಾಹ್ನ, ಊಟಕ್ಕೆ ಮುಂಚೆ ಕೈ ತೊಳೆಯಲು ಹಿತ್ತಲ ನಲ್ಲಿಗೆ ಹೋದವರು ಅಲ್ಲೇ ಕುಸಿದು ಹೋದರು. ಪುರೋಹಿತರು ಪಂಚಾಂಗ ನೋಡಿ, ಧನಿಷ್ಠಾ ಪಂಚಕ, ಮನೆ ಬಿಡಬೇಕು ಎಂದರು. ನಮ್ಮ ಕಡೆ ಇದು ಹೊಸದಲ್ಲ. ಇಂಥ ನಕ್ಷತ್ರದಲ್ಲಿ ಸಾವಾದರೆ ಮನೆಯವರು ಕೆಲವು ತಿಂಗಳು ಮನೆ ಖಾಲಿ ಮಾಡುತ್ತಾರೆ. ಬೀಗ ಹಾಕಿ, ಬಾಗಿಲಿಗೆ ಮುಳ್ಳಿನ ಕೊಂಬೆ ಇಟ್ಟು ಹೊರಡುತ್ತಾರೆ. ಅವಧಿ ಮುಗಿದ ಮೇಲೆ ಶಾಂತಿ ಮಾಡಿಸಿ ಒಳಗೆ ಕಾಲಿಡುತ್ತಾರೆ. ಜೀವಮಾನವಿಡೀ ವಿಜ್ಞಾನ ಪಾಠ ಮಾಡಿದ ನಾನು ಇದನ್ನು ನಂಬುವವಳಲ್ಲ. ಆದರೂ ಮುಳ್ಳಿನ ಕೊಂಬೆ ಹುಡುಕಿ ತಂದು ಬಾಗಿಲಿಗೆ ಅಡ್ಡ ಇಟ್ಟವಳು ನಾನೇ. ಅಕ್ಕನನ್ನು ಹೊಸಮನೆಗೆ ಕರೆತಂದೆ.

ಅವಧಿ ಮುಗಿದರೂ ಅಕ್ಕ ವಾಪಸು ಹೋಗುವ ಮಾತೆತ್ತಲಿಲ್ಲ. ಇಲ್ಲಿಯೂ ಇರಲಿಲ್ಲ ಅನ್ನಿ. ಮಧ್ಯಾಹ್ನ ತಟ್ಟೆಯ ಮುಂದೆ ಕುಳಿತರೆ ಅನ್ನ ಕಲಸುವಳು, ತಿನ್ನುವುದಿಲ್ಲ. ಯಾರನ್ನೋ ಕಾಯುವಂತೆ ಹಿತ್ತಲ ಬಾಗಿಲ ಕಡೆ ನೋಡುವಳು. ಸೊರಗಿ ಸೊರಗಿ ಬಳೆ ಮೊಣಕೈಗೆ ಜಾರುವಂತಾಯಿತು. ಡಾಕ್ಟರು ಕಾಯಿಲೆ ಏನೂ ಇಲ್ಲವೆಂದರು. ಹೀಗೇ ಬಿಟ್ಟರೆ ಇವಳೂ ನನ್ನ ಕೈಬಿಟ್ಟು ಹೋಗುತ್ತಾಳೆಂದು ನನಗೆ ಭಯವಾಯಿತು. ಆ ಮನೆ ಕಳೆದರೆ ಅಕ್ಕ ಉಳಿಯುತ್ತಾಳೆ ಎಂದು ತೀರ್ಮಾನಿಸಿದೆ. ಮಾರೋಣ ಎಂದರೆ ಅವಳು ಹೂಂ ಎನ್ನಲಿಲ್ಲ, ಬೇಡವೆನ್ನಲೂ ಇಲ್ಲ.

ಶಾಂತಿ ಮಾಡಿಸಿ ಬೀಗ ತೆಗೆಸಿದೆ. ಆಮೇಲೆ ಶುರುವಾಯಿತು ನನ್ನ ವಿದ್ಯಾಭ್ಯಾಸ. ಮೊಬೈಲಿನಲ್ಲಿ ಮನೆ ಮಾರುವವರಿಗೆ ಬುದ್ಧಿ ಹೇಳುವ ವಿಡಿಯೋಗಳು ರಾಶಿ ಇವೆ. ಇದ್ದವರ ಗುರುತು ಉಳಿಯಬಾರದಂತೆ, ಗೋಡೆಯ ಫೋಟೋಗಳನ್ನೆಲ್ಲ ಇಳಿಸಬೇಕಂತೆ. ಎಲ್ಲ ಕೋಣೆಗಳಲ್ಲೂ ದೀಪ ಉರಿಯಬೇಕಂತೆ. ಕೊಳ್ಳುವವರು ಬಂದಾಗ ಮನೆಯ ಒಡೆಯರು ಎದುರಿಗೆ ಸುಳಿಯಲೇಬಾರದಂತೆ. ಇವಕ್ಕೆ ಬ್ರೋಕರ್ ಮಂಜಣ್ಣ ತನ್ನದನ್ನೂ ಸೇರಿಸಿದ. "ಮನೆ ಬಿಟ್ಟಿದ್ದು ಮಾತ್ರ ಬಾಯಿ ಬಿಡ್ಬೇಡಿ ಟೀಚರ್. ಕೇಳಿದ್ರೆ ಅಕ್ಕಂಗೆ ಒಂಟಿಯಾಗಿ ಇರೋಕಾಗಲ್ಲ ಅನ್ನಿ, ಅದೂ ನಿಜಾನೇ ಅಲ್ವಾ." ನಾನು ವಿಧೇಯ ವಿದ್ಯಾರ್ಥಿನಿಯಂತೆ ತೇವದ ಗೋಡೆಗೆ ಬಣ್ಣ ಬಳಿಸಿದೆ. ನಡುಮನೆಯ ಗೋಡೆಯಲ್ಲಿ ಕೈ ತೂರುವಷ್ಟು ಬಿರುಕಿತ್ತು, ಅದರ ಮುಂದಕ್ಕೆ ಕಬ್ಬಿಣದ ಬೀರು ಎಳೆಸಿ ನಿಲ್ಲಿಸಿದೆ. ಆ ಸಂಜೆ ಬೀಗ ಹಾಕುವಾಗ ಬೀರುವಿನ ಹಿಂದಿನಿಂದ ಎರಡು ಸಲ ಟಕ್ ಟಕ್ ಎಂದಿತು. ಹಲ್ಲಿ ಎಂದುಕೊಂಡೆ. ನಂಬದವರಿಗೆ ಹಲ್ಲಿಯಿಂದ ಬಹಳ ಉಪಕಾರವಿದೆ.

ಮೊದಲು ಬಂದವರು ಗಂಡ ಹೆಂಡತಿ. ಗಂಡ ಮಂಜಣ್ಣನ ಜೊತೆ ತಾರಸಿಗೆ ಹೋದ, ಹೆಂಡತಿ ಹಿತ್ತಲು ನೋಡಿ ಒಳಬಂದಳು. "ಈ ಬೀರು ಸ್ವಲ್ಪ ಸರಿಸ್ತೀರಾ? ಹಿಂದೆ ಗೋಡೆ ಬಿರುಕು ಬಿಟ್ಟಿದೆಯಂತೆ" ಎಂದಳು.

"ಯಾರಮ್ಮ ಹೇಳಿದ್ದು?"

"ನಲ್ಲಿ ಹತ್ರ ಕೂತಿದಾರಲ್ಲ ಯಜಮಾನ್ರು, ಅವ್ರೇ. ಪಾಪ, ಒದ್ದೆ ಕೈಯಲ್ಲೇ ಕೂತಿದಾರೆ."

ಹೋಗಿ ನೋಡಿದೆ. ಹಿತ್ತಲಲ್ಲಿ ಯಾರೂ ಇರಲಿಲ್ಲ. ಸುತ್ತಲಿನ ಕಾಂಪೌಂಡ್ ನನಗಿಂತ ಎತ್ತರ, ಮೇಲೆ ಗಾಜಿನ ಚೂರು. ಆ ನಲ್ಲಿಗೆ ನಾವಿನ್ನೂ ನೀರೇ ಬಿಟ್ಟಿರಲಿಲ್ಲ, ಅದರ ಕೆಳಗಿನ ಕಲ್ಲು ಮಾತ್ರ ಒದ್ದೆಯಾಗಿತ್ತು. ಒಳಗೆ ಬಂದಾಗ ಆಕೆ ಬೀರುವಿನ ಸಂದಿಯಲ್ಲಿ ಇಣುಕುತ್ತಿದ್ದಳು.

ಮುಂದಿನ ವಾರ ಶಿವಮೊಗ್ಗದ ಒಬ್ಬ ಹಾರ್ಡ್‌ವೇರ್ ಅಂಗಡಿಯವರು ಬಂದರು. ಅವರು ಹಿತ್ತಲಿಗೆ ಹೋಗಲೇ ಇಲ್ಲ. ನಾನೇ ಆ ಬಾಗಿಲಿಗೆ ಅಗುಳಿ ಹಾಕಿ, ಅದರ ಮುಂದೆ ಕುರ್ಚಿ ಹಾಕಿ ಕುಳಿತಿದ್ದೆ. ಅವರು ಬಚ್ಚಲಿನಿಂದ ಹೊರಬಂದವರು, "ಇಲ್ಲಿ ನೀರು ಹಿಂದಕ್ಕೆ ಹರಿಯುತ್ತಂತಲ್ರೀ" ಎಂದರು. ಕಿಟಕಿಯ ಆಚೆಯಿಂದ ಯಾರೋ ಹೇಳಿದರಂತೆ. ಗೋಡೆಗೆ ಎರಡು ಸಲ ಬಡಿದು, ಆಮೇಲೆ ಹೇಳಿದರಂತೆ. ನನ್ನ ಬೆನ್ನಿನ ಹಿಂದೆ ಅಗುಳಿ ಹಾಕಿದ ಬಾಗಿಲಿತ್ತು. ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಅವರು ಹೋದ ಮೇಲೆ ಮಂಜಣ್ಣನನ್ನು ಹಿಡಿದು ಜಾಡಿಸಿದೆ, ನನ್ನ ಕೋಪದ ವಿಷಯ ನಿಮಗೆ ಗೊತ್ತೇ ಇದೆ. ಅವನು, "ನನ್ನ ಹೊಟ್ಟೆ ಮೇಲೆ ನಾನೇ ಯಾಕೆ ಕಲ್ಲು ಹಾಕ್ಕೊಳ್ಲಿ ಟೀಚರ್" ಎಂದ.

ಅಕ್ಕನಿಗೆ ಹೇಳಬಾರದೆಂದಿದ್ದೆ, ಮನಸ್ಸು ತಡೆಯದೆ ಹೇಳಿಬಿಟ್ಟೆ. ಅವಳು ಬೆಚ್ಚಲಿಲ್ಲ. "ಅಡುಗೆಮನೇಲಿ ಹೊಗೆ ಹೋಗಲ್ಲ ಅಂತ ಹೇಳ್ಲಿಲ್ವಾ?" ಎಂದು ಕೇಳಿದಳು. ಆಮೇಲೆ ಸೆರಗು ಬಾಯಿಗೊತ್ತಿಕೊಂಡಳು.

"ಊಟಕ್ಕೆ ಅಂತ ಕೈ ತೊಳೆಯೋಕೆ ಹೋದವರು ಮಾರಾಯ್ತಿ. ಒಳಗೆ ಬರೋಕೆ ಮುಂಚೆ ನಾವು ಬೀಗ ಜಡಿದು ಬಂದ್ವಿ. ಮುಳ್ಳು ಬೇರೆ ಇಟ್ವಿ. ನೈಟ್ ಶಿಫ್ಟ್ ಮುಗಿಸಿ ಎಷ್ಟು ಹೊತ್ತಿಗೆ ಬಂದ್ರೂ ಬಾಗಿಲು ತೆಗೆದಿದೀನಿ ನಾನು. ಈಗ ಅವರನ್ನ ಅಲ್ಲೇ ಹೊರಗೆ ಕೂರಿಸಿ ಮನೆ ಹೆಂಗೆ ಮಾರ್ತೀ? ನಾನು ಸೈನ್ ಹಾಕಲ್ಲ."

ವಿಡಿಯೋಗಳಲ್ಲಿ ಇದಕ್ಕೆ ಏನೂ ಹೇಳಿರಲಿಲ್ಲ. "ಹಾಗಾದ್ರೆ ಕರ್ಕೊಂಡು ಬರೋಣ ಬಾ" ಎಂದೆ. ಇಂದಿಗೂ ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ತಿಳಿಯದು.

ಮರುದಿನ ಮಧ್ಯಾಹ್ನ ಸುಡುಬಿಸಿಲಿನಲ್ಲಿ ಜನ್ನಾಪುರಕ್ಕೆ ಹೋದೆವು. ಅಕ್ಕ ಮೊದಲು ಬೀರು ಸರಿಸಿದಳು. ನಾನೂ ಕೈ ಹಚ್ಚಿದೆ. ಬಿರುಕು ನೋಡಿ, "ಇರ್ಲಿ ಬಿಡು, ಕಾಣ್ಲಿ" ಎಂದಳು. ಕಿಟಕಿಗಳನ್ನೆಲ್ಲ ತೆರೆದಳು. ಹಿತ್ತಲ ಬಾಗಿಲಲ್ಲಿ ನಿಂತು, ದಿನವೂ ಊಟಕ್ಕೆ ಕರೆಯುತ್ತಿದ್ದ ದನಿಯಲ್ಲಿ ಕರೆದಳು. "ಏನೂಂದ್ರೆ, ಬನ್ನಿ. ಇವತ್ತಿಂದ ಊಟ ಹೊಸಮನೇಲಿ. ತಂಗಿ ಮನೆ, ಸಂಕೋಚ ಬೇಡ." ಒಬ್ಬರು ಎದ್ದು ಕೈ ಒರೆಸಿಕೊಳ್ಳುವಷ್ಟು ಹೊತ್ತು ಕಾದಳು. ಆಮೇಲೆ ಮನೆಯನ್ನು ಹಾದು ಬಂದು, ಮುಂಬಾಗಿಲನ್ನು ಪೂರ್ತಿ ತೆರೆದು ಹಿಡಿದು ಪಕ್ಕಕ್ಕೆ ಸರಿದು ನಿಂತಳು. ನನ್ನ ತೋಳಿಗೆ ತಣ್ಣಗೆ ಏನೋ ತಾಗಿದಂತಾಯಿತು. ಮುಟ್ಟಿ ನೋಡಿಕೊಂಡರೆ ಒದ್ದೆ.

ಶಿವಮೊಗ್ಗದ ಸರ್ಕಾರಿ ಬಸ್ಸು ತುಂಬಿತ್ತು. ಮೂವರು ಕೂರುವ ಸೀಟೊಂದು ಸಿಕ್ಕಿತು. ಅಕ್ಕ ಕಿಟಕಿ ಪಕ್ಕದ ಜಾಗ ಬಿಟ್ಟು ನಡುವೆ ಕುಳಿತಳು, ಈ ಅಂಚಿನಲ್ಲಿ ನಾನು. ನಿಂತಿದ್ದ ಹೆಂಗಸೊಬ್ಬಳು ಆ ಜಾಗಕ್ಕೆ ಬರಲು ಬಗ್ಗಿದವಳು, "ಓ, ಇದಾರಾ" ಎಂದು ಹಿಂದೆ ಸರಿದಳು. ಕಂಡಕ್ಟರ್ ನಮ್ಮಿಬ್ಬರ ಆಧಾರ್ ನೋಡಿ ಫ್ರೀ ಟಿಕೆಟ್ ಕೊಟ್ಟ. ಅಕ್ಕ ಚೀಲದಿಂದ ನೋಟು ತೆಗೆದು, "ಗಂಡಸ್ರದ್ದು ಒಂದು ಕೊಡಪ್ಪ, ಶಿವಮೊಗ್ಗ" ಎಂದಳು. ಅವನು ಯಾರಿಗೆ ಎಂದು ಕೇಳುತ್ತಾನೆಂದು ನಾನು ನಾಚಿಕೆಯಿಂದ ತಲೆ ತಗ್ಗಿಸಿದೆ. ಅವನು ಕಿಟಕಿಯ ಕಡೆ ಒಮ್ಮೆ ನೋಡಿ, ಟಿಕೆಟ್ ಹರಿದು ಕೊಟ್ಟು ಮುಂದೆ ಹೋದ.

ಆ ದಿನ ಮನೆಗೆ ಬಂದು ಅಕ್ಕ ಊಟ ಮಾಡಿದಳು. ಸಾರು ಇನ್ನೊಂದು ಸೌಟು ಹಾಕಿಸಿಕೊಂಡಳು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಆಮೇಲೆ ಮನೆ ನೋಡಲು ಬಂದಾಕೆ ಒಬ್ಬ ನರ್ಸು. ಈ ಸಲ ಅಕ್ಕನೂ ಜೊತೆಗಿದ್ದಳು. ಬಿರುಕು, ತೇವ, ಬಚ್ಚಲ ನೀರು, ಹೊಗೆ, ಕೊನೆಗೆ ಮನೆ ಬಿಟ್ಟಿದ್ದನ್ನೂ ನಾನೇ ಬಾಯಿಬಿಟ್ಟು ಹೇಳಿದೆ. ಮಂಜಣ್ಣ ಹಣೆ ಚಚ್ಚಿಕೊಂಡ. ಆಕೆ, "ಸಾವು ಆಗದೆ ಇರೋ ಮನೆ ಎಲ್ಲಿದೆ ಟೀಚರ್? ಗೋಡೆ ರಿಪೇರಿ ಮಾಡಿಸ್ಕೋತೀನಿ" ಎಂದು ಹಿತ್ತಲಿಗೆ ಹೋಗಿ ಸುಮಾರು ಹೊತ್ತು ನಿಂತು ಬಂದಳು. ಅಲ್ಲಿ ಅವಳ ಹತ್ತಿರ ಯಾರೂ ಮಾತಾಡಲಿಲ್ಲ. ಮನೆ ಅವಳಿಗೇ ಆಯಿತು. ಅಕ್ಕ ಸೈನ್ ಹಾಕಿದಳು.

ಎದುರು ಮನೆಯಾಕೆಗೆ ನಾನು ಹೇಳಿದ ಅರ್ಧವೆಂದರೆ, ಏನನ್ನೂ ಮುಚ್ಚಿಡಬೇಡಿ ಎಂಬುದಷ್ಟೇ. ಅವರಿಗೆ ಅದು ರುಚಿಸಿದಂತಿಲ್ಲ. ಬಣ್ಣದವನು ಈಗ ಎರಡನೇ ಕೋಟು ಹೊಡೆಯುತ್ತಿದ್ದಾನೆ.

ಇಷ್ಟು ಬರೆಯುವ ಹೊತ್ತಿಗೆ ಗ್ಯಾಸ್ ಸಿಲಿಂಡರಿನವನು ಬಂದ, ಈ ಏರಿಯಾಕ್ಕೆ ಹೊಸಬ. ಸಿಲಿಂಡರ್ ಇಳಿಸಿ, ಹೆಗಲ ಚೀಲದಿಂದ ಕಿತ್ತಳೆ ಬಣ್ಣದ ಹೊಸ ಪೈಪು ತೆಗೆದ. ನಾನು ಪೈಪು ಕೇಳಿರಲಿಲ್ಲವಲ್ಲ ಎಂದೆ.

"ನಿನ್ನೆ ಬಂದಿದ್ದೆ ಅಮ್ಮ, ಬೀಗ ಹಾಕಿತ್ತು. ಕಿಟಕಿಯಿಂದ ನಿಮ್ಮ ಯಜಮಾನ್ರು ಹೇಳಿದ್ರು, ಪೈಪು ಹೋಗಿದೆ, ನಾಳೆ ಬರೋವಾಗ ತಗೊಂಡು ಬಾ ಅಂತ."

ನಿನ್ನೆ ನಾನೂ ಅಕ್ಕನೂ ಕೋಟೆಯ ದೇವಸ್ಥಾನಕ್ಕೆ ಹೋಗಿದ್ದೆವು. ಈ ಮನೆಯಲ್ಲಿ ಗಂಡಸರಿಲ್ಲ. ಅಕ್ಕ ಒಳಗಿನಿಂದ, "ಹೇಳಿದ್ರಲ್ಲ, ಹಾಕಿಸ್ಕೋ" ಎಂದಳು. ಅವನು ಹೊಸದನ್ನು ಜೋಡಿಸಿ, ಹಳೆಯದನ್ನು ನನ್ನ ಕೈಗೆ ಕೊಟ್ಟು ಹೋದ. ಬಗ್ಗಿಸಿ ನೋಡಿದೆ. ಒಲೆಯ ಹಿಂದೆ ಕಾಣದಂತಿದ್ದ ಕಡೆ ಉದ್ದಕ್ಕೂ ಸೀಳಿತ್ತು. ಈ ಸಲ ಹಲ್ಲಿಯ ನೆನಪು ಮಾಡಿಕೊಳ್ಳಲಿಲ್ಲ. ಯಾರೂ ಇಲ್ಲದ ನಡುಮನೆಯ ಕಡೆ ತಿರುಗಿ, "ಹಾಕಿಸಿದೆ ಭಾವ" ಎಂದೆ.