ಎಡಗೈಯ ಕೋಲು

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಒಬ್ಬ ಇಟಲಿಯವನು ಕೆಲವು ತಿಂಗಳು ಜಮಖಂಡಿಯಲ್ಲಿದ್ದ. ಸೆರೆಯಾಳಾಗಿ ಈ ದೇಶಕ್ಕೆ ಬಂದವನು. ಊರಿಗೆ ಹೋಗುವ ಹಡಗಿನ ಸರದಿ ಬರುವತನಕ ಮೋಟಾರು ರಿಪೇರಿಗೆಂದು ಅವನನ್ನು ಇಲ್ಲಿಗೆ ಕಳಿಸಿದ್ದರು. ನಮ್ಮವರೂ ಅವರ ಕಾಕಾ, ಅಂದರೆ ನನ್ನ ಸಣ್ಣ ಮಾವನೂ ಅದೇ ಶೆಡ್ಡಿನಲ್ಲಿ ಕೆಲಸಕ್ಕಿದ್ದರು. ಹೀಗಾಗಿ ಮಧ್ಯಾಹ್ನದ ಊಟಕ್ಕೆ ಅವನು ನಮ್ಮ ಮನೆಗೇ ಬರುತ್ತಿದ್ದ. ಕನ್ನಡ ಕಲಿತದ್ದು ಶೆಡ್ಡಿನಲ್ಲಾದ್ದರಿಂದ ಅವನ ಪ್ರತಿ ಮಾತಿಗೂ ಒಂದು ‘ಲೇ’ ಅಂಟಿಕೊಂಡಿರುತ್ತಿತ್ತು. ನನಗೂ “ವೈನಿ, ಇನ್ನೊಂದು ರೊಟ್ಟಿ ಹಾಕು ಲೇ” ಎನ್ನುತ್ತಿದ್ದ. ಮೊದಲೆರಡು ದಿನ ಸಿಟ್ಟಾದೆ. ಮೂರನೆಯ ದಿನದಿಂದ ಅವನು ಬಾಯಿ ತೆರೆಯುವ ಮೊದಲೇ ರೊಟ್ಟಿ ಹಾಕತೊಡಗಿದೆ.

ತನ್ನ ದೇಶದಲ್ಲಿ ಅವನು ಓಟಗಾರನಾಗಿದ್ದನಂತೆ. “ಒಬ್ಬನ ಓಡಿದ್ರ ಗೆಲ್ಲತಿದ್ದೆ ಲೇ” ಎಂದು ಎದೆ ತಟ್ಟಿಕೊಳ್ಳುತ್ತಿದ್ದ. ಆದರೆ ನಾಲ್ವರು ಸೇರಿ, ಒಬ್ಬರ ಕೈಯಿಂದ ಒಬ್ಬರಿಗೆ ಕೋಲು ದಾಟಿಸುತ್ತ ಓಡುವ ಓಟದ ಸುದ್ದಿ ಬಂದರೆ ರೊಟ್ಟಿ ಮುರಿಯುವುದನ್ನೇ ನಿಲ್ಲಿಸಿಬಿಡುತ್ತಿದ್ದ. ಅಂಥ ಓಟ ಮೂರು ಸಲ ಓಡಿದ್ದ. ಮೂರು ಸಲವೂ ಕೋಲು ಅವನ ಕೈಗೆ ಬರುವ ಬದಲು ನೆಲಕ್ಕೆ ಬಿದ್ದಿತ್ತು. ಆಮೇಲೆ ಯಾರೂ ಕರೆಯಲಿಲ್ಲ, ಅಷ್ಟರಲ್ಲಿ ಯುದ್ಧವೂ ಬಂತು. ಊರಿಗೆ ಹೋಗುವ ಮೊದಲು ತಾನು ಕಲಿಸಿದ ನಾಲ್ವರ ಕೋಲು ಬೀಳದೆ ಕೊನೆ ಮುಟ್ಟುವುದನ್ನು ಒಂದು ಸಲ ಕಣ್ಣಾರೆ ನೋಡಬೇಕು; ಅವನಿಗಿದ್ದ ಆಸೆ ಅಷ್ಟೇ.

ಮುಧೋಳದವರೊಡನೆ ಕೋಲಿನ ಓಟದ ಪಂದ್ಯ ನಿಶ್ಚಯವಾಯಿತು. “ಅವ್ರು ಬ್ಯಾಟಿ ನಾಯಿ ಸಾಕಿದ ಮಂದಿ. ಅದರ ಹಿಂದ ಓಡಿ ಓಡಿ ಕಾಲು ಹುರಿಗೊಂಡಾವ” ಎಂದು ಸಣ್ಣ ಮಾವ ಮೊದಲೇ ಹೆದರಿಸಿದರು. ನಮ್ಮ ಕಡೆ ಸಣ್ಣ ಮಾವ, ನಮ್ಮವರು, ಶೆಡ್ಡಿನ ಇಬ್ಬರು ಅಣ್ಣತಮ್ಮಂದಿರು. ಎಲ್ಲರಿಗಿಂತ ಜೋರು ಓಡುವವರು ಸಣ್ಣ ಮಾವನೇ ಎಂದು ಇಟಲಿಯವನು ಅವರನ್ನು ಕೊನೆಗೆ ನಿಲ್ಲಿಸಿದ.

ನಮ್ಮ ಹಿತ್ತಲಿನಾಚೆಯ ಬಯಲಿನಲ್ಲಿ ತಾಲೀಮು. ನಮ್ಮವರು ಎಡಗೈಯಲ್ಲಿ ಕೋಲು ಹಿಡಿದು ಓಡಿ ಬಂದರು. ಬಲಗೈ ಹಿಂದೆ ಚಾಚಿ ನಿಂತಿದ್ದ ಸಣ್ಣ ಮಾವ ತಿರುಗಿ ನೋಡಿದವರೇ ಕೈ ಎಳೆದುಕೊಂಡರು.

“ಎಡಗೈಲೆ ಕೊಡ್ತಿಯೇನಲೇ ನನಗ?”

“ಬಲಗೈಲೆ ತಗೊಂಡು ಎಡಗೈಲೆ ಕೊಡಬೇಕಂತ ಕಾಕಾ, ಅವನ ಹೇಳ್ಯಾನ.”

“ಅವಗ ಮನಿಯಾಗ ಹೇಳವ್ರು ಇಲ್ಲ. ನಿನಗೂ ಇಲ್ಲೇನು?”

ನಮ್ಮವರು ನಿಂತು ಕೋಲನ್ನು ಬಲಗೈಗೆ ತೆಗೆದುಕೊಂಡು, ತಲೆ ಬಾಗಿಸಿ ಕೊಟ್ಟರು. ಸಣ್ಣ ಮಾವ ಅದನ್ನು ಕಣ್ಣಿಗೊತ್ತಿಕೊಂಡು ಓಡಿದರು. ಇಟಲಿಯವನು ನೆಲದ ಮೇಲೆ ಕುಳಿತುಬಿಟ್ಟ. ನಾಲ್ಕು ದಿನ ಹೀಗೇ ನಡೆಯಿತು.

ಐದನೆಯ ದಿನ ಮೂವರೂ ಊಟಕ್ಕೆ ಕುಳಿತಿದ್ದರು. ಮಾವನೆದುರು ನಾನು ಮಾತಾಡುವ ರೂಢಿಯಿಲ್ಲ. ಒಳಗಿನಿಂದಲೇ ನಮ್ಮವರಿಗೆ ಹೇಳಿದೆ: “ಹಿರ್ಯಾರು ಸಣ್ಣಾವ್ರಿಗೆ ಎಡಗೈಲೆ ಕೊಟ್ರ ಯಾರಿಗೂ ಬ್ಯಾಸರಿಲ್ಲಲ್ರಿ. ವಯಸ್ಸಿನ ಪ್ರಕಾರ ನಿಂದರ್ರಿ.”

ಸಣ್ಣ ಮಾವ ಗೋಡೆಗೆ ಹೇಳಿದರು: “ಹಂಗಾರ ನಾ ಮೊದಲ. ಇದು ಖರೆ ಮಾತು.”

ಜೋರು ಓಡುವವನು ಕೊನೆಗಿರಬೇಕು ಎಂದು ಇಟಲಿಯವನು ಗೊಣಗಿದ. ಆದರೆ ಆ ಸಂಜೆ ಕೋಲು ನಾಲ್ಕೂ ಕೈ ದಾಟಿತು. ಸರದಿ ಹಾಗೇ ಉಳಿಯಿತು.

ಪಂದ್ಯದ ದಿನ ಹೆಂಗಸರಿಗೆ ಶಾಲೆಯ ಕಟ್ಟೆಯ ಮೇಲೆ ಜಾಗ ಬಿಟ್ಟಿದ್ದರು. ಸೋಲು ಗೆಲುವು ಹೇಳುವ ಪಂಚರಾಗಿ ಬೀಳಗಿಯಿಂದ ಒಬ್ಬ ಮಾಸ್ತರರು ಬಂದಿದ್ದರು. ಸಣ್ಣ ಮಾವ ಮುಧೋಳದವನನ್ನು ಹಿಂದೆ ಹಾಕಿ ಶೆಡ್ಡಿನ ಅಣ್ಣತಮ್ಮಂದಿರಲ್ಲಿ ಅಣ್ಣನ ಕೈಗೆ ಕೋಲಿಟ್ಟರು. ಅಣ್ಣ ತಮ್ಮನಿಗೆ, ತಮ್ಮ ನಮ್ಮವರಿಗೆ. ಎಲ್ಲರಿಗಿಂತ ಸಣ್ಣವರಾದ ನಮ್ಮವರು ಮುಂದೆಯೇ ಇದ್ದರು. ಕೊನೆಗೆ ಕಟ್ಟಿದ ದಾರಕ್ಕೆ ಇನ್ನು ಹತ್ತು ಹೆಜ್ಜೆ. ಅಲ್ಲಿ ಗೆರೆಯ ಪಕ್ಕದಲ್ಲಿ ಇಟಲಿಯವನು ಎರಡೂ ಕೈ ಚಾಚಿ “ಬಾರಲೇ, ಬಾರಲೇ” ಎಂದು ಕೂಗುತ್ತಿದ್ದ.

ಕಲಿಸಿದವನು ಕೈ ಚಾಚಿದ್ದಾನೆ. ನಮ್ಮವರು ನಿಂತರು. ಕೋಲನ್ನು ಎಡಗೈಯಿಂದ ಬಲಗೈಗೆ ತೆಗೆದುಕೊಂಡು, ತಲೆ ಬಾಗಿಸಿ ಅವನಿಗೆ ಕೊಟ್ಟರು.

ಅವನು ಕೋಲನ್ನು ನೋಡಿದ. ಅದು ಅವನ ಕೈಯಲ್ಲಿತ್ತು. ಮುಧೋಳದವನ ಹೆಜ್ಜೆಯ ಸಪ್ಪಳ ಹತ್ತಿರ ಬಂದದ್ದೇ ತಡ, ಇಟಲಿಯವನ ಕಾಲುಗಳು ಅವನನ್ನು ಕೇಳದೆ ಓಡಿದವು. ಗ್ರೀಸು ಮೆತ್ತಿದ ಚಡ್ಡಿಯಲ್ಲೇ ಹೋಗಿ ಎದೆಯಿಂದ ದಾರ ಹರಿದ.

ಪಂಚರು ಕಣ್ಣಿನ ಚಾಳೀಸು ತೆಗೆದು ಗಾಜು ಒರೆಸಿಕೊಂಡರು. “ನಾಲ್ಕು ಮಂದಿ ಓಟದಾಗ ಐದು ಮಂದಿ ಓಡೀರಿ. ಜಮಖಂಡಿ ಸೋತಂಗ.”

“ನಾ ಕೊಟ್ಟಾಗ ಕೋಲು ಛಲೋ ಹೊಂಟಿತ್ತು” ಎಂದು ಸಣ್ಣ ಮಾವ ಎಲ್ಲರಿಗೂ ಹೇಳುತ್ತ ತಿರುಗಿದರು. ನಮ್ಮವರು ಶಾಲೆಯ ಕಟ್ಟೆಯ ಕಡೆ ನೋಡಲೇ ಇಲ್ಲ.

ಇಟಲಿಯವನು ಮಾತ್ರ ಕೋಲು ಬಿಡದೆ ಪಂಚರ ಮೇಜಿನ ಮುಂದೆ ನಿಂತಿದ್ದ. ಸೋಲು ಎಂದು ಬರೆದದ್ದಕ್ಕೆ ಅವನ ತಕರಾರಿರಲಿಲ್ಲ. “ಬಿದ್ದಿಲ್ಲ ಲೇ ಮಾಸ್ತರ. ಅದನ್ನೂ ಬರಿ” ಎಂದ. ಪಂಚರು ಅವನ ಮುಖ ನೋಡಿದರು, ಲೇಖನಿಯನ್ನು ಮತ್ತೊಮ್ಮೆ ಮಸಿಯಲ್ಲಿ ಅದ್ದಿ, ಸೋಲಿನ ಕೆಳಗೆ ಇನ್ನೊಂದು ಸಾಲು ಬರೆದು ಓದಿ ಹೇಳಿದರು: “ಕೋಲು ಬಿದ್ದಿರುವುದಿಲ್ಲ.”